ಅಂಗುಳದ ಶಸ್ತ್ರಚಿಕಿತ್ಸೆಯ ನಂತರದ ಮಾತು: ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ವಿಷಯಗಳು



ಸೀಳು ಅಂಗುಳದೊಂದಿಗೆ ಜನಿಸಿದ ಮಗುವಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ವರದಿಗಳಲ್ಲಿ ಆ ಮಗುವಿನ ಹೆಸರಿನ ಮುಂದೆ 'ಚಿಕಿತ್ಸೆ ಪೂರ್ಣಗೊಂಡಿದೆ' ಎಂದು ನಮೂದಾಗುತ್ತದೆ. ಗಾಯ ಮಾಯುತ್ತದೆ, ಕುಡಿದ ಹಾಲು ಮೂಗಿನಿಂದ ಹೊರಬರುವುದು ನಿಲ್ಲುತ್ತದೆ, ಮನೆಯವರು ನೆಮ್ಮದಿಗೊಳ್ಳುತ್ತಾರೆ. ಆದರೆ ಅದೇ ಮಗು ಐದಾರು ವರ್ಷಗಳ ನಂತರ ಒಂದನೆಯ ತರಗತಿಯಲ್ಲಿ ಕುಳಿತು 'ಬಸ್ಸು' ಎಂದರೆ 'ಮಸ್ಸು' ಎಂದೂ 'ದಾರಿ' ಎಂದರೆ 'ನಾರಿ' ಎಂದೂ ಕೇಳಿಸುವ ಸಂದರ್ಭಗಳಿವೆ. ಸಹಪಾಠಿಗಳು ನಗುತ್ತಾರೆ. ಮಗು ಕ್ರಮೇಣ ಉತ್ತರಿಸುವುದನ್ನೇ ಬಿಡುತ್ತದೆ. ಹಾಜರಾತಿ ಪುಸ್ತಕದಲ್ಲಿ ಹೆಸರಿದ್ದರೂ ತರಗತಿಯಲ್ಲಿ ಅದರ ಧ್ವನಿ ಕೇಳಿಸುವುದಿಲ್ಲ.

ಇಂತಹ ಮಕ್ಕಳಲ್ಲಿ ಬಹುಪಾಲಿನವರ ಮಾತನ್ನು ಸೂಕ್ತ ಪರೀಕ್ಷೆ, ಅಗತ್ಯವಿದ್ದಲ್ಲಿ ಎರಡನೆಯ ಶಸ್ತ್ರಚಿಕಿತ್ಸೆ ಹಾಗೂ ವಾಕ್ ಚಿಕಿತ್ಸೆಯ ಮೂಲಕ ಗಣನೀಯವಾಗಿ ಸುಧಾರಿಸಲು ಸಾಧ್ಯವಿದೆ. ಹೀಗಿದ್ದೂ ಹಲವು ಮಕ್ಕಳು ಆ ಹಂತವನ್ನು ತಲುಪುವುದಿಲ್ಲ. ಗಾಯ ಮಾಯುವುದನ್ನೂ ಮಾತು ತಿಳಿಯಾಗುವುದನ್ನೂ ಒಂದೇ ಎಂದು ಎಣಿಸುವ ರೂಢಿ ಇದಕ್ಕೆ ಮುಖ್ಯ ಕಾರಣ. ಇವೆರಡರ ನಡುವೆ ಇರುವ ಅಂತರವನ್ನೂ, ಆ ಅಂತರದಲ್ಲಿ ಗ್ರಾಮ ಪಂಚಾಯಿತಿ ಮಾಡಬಹುದಾದ ಕೆಲಸವನ್ನೂ ತಮ್ಮ ಗಮನಕ್ಕೆ ತರುವುದು ಈ ಲೇಖನದ ಉದ್ದೇಶವಾಗಿದೆ.

1. ಧ್ವನಿ ಮೂಗಿಗೆ ಹೋಗುವುದೇಕೆ?

ನಾಲಿಗೆಯ ತುದಿಯನ್ನು ಅಂಗುಳದ ಮೇಲೆ ಹಿಂದಕ್ಕೆ ಸರಿಸುತ್ತ ಹೋದರೆ ಮುಂಭಾಗ ಗಟ್ಟಿಯಾಗಿಯೂ ಹಿಂಭಾಗ ಮೆತ್ತಗೂ ಇರುವುದು ತಿಳಿಯುತ್ತದೆ. ಹಿಂಭಾಗವನ್ನು ಮೃದು ಅಂಗುಳ ಎನ್ನುತ್ತಾರೆ. ಅದರ ತುದಿಯಲ್ಲಿ ಕಿರುನಾಲಿಗೆ ಇಳಿಬಿದ್ದಿರುತ್ತದೆ. ಮಾತನಾಡುವಾಗ ಮೃದು ಅಂಗುಳವು ಮೇಲಕ್ಕೆದ್ದು ಗಂಟಲಿನ ಹಿಂಗೋಡೆಗೆ ಒತ್ತಿಕೊಳ್ಳುತ್ತದೆ. ಗಂಟಲಿನ ಪಕ್ಕದ ಗೋಡೆಗಳೂ ಒಳಸರಿದು ನೆರವಾಗುತ್ತವೆ. ಹೀಗೆ ಮೂಗಿನ ದಾರಿ ಮುಚ್ಚಿಕೊಂಡಾಗ ಗಾಳಿ ಬಾಯಿಯ ಮೂಲಕ ಮಾತ್ರ ಹೊರಬರುತ್ತದೆ.

ನಮ್ಮ ವರ್ಣಮಾಲೆಯ ಜೋಡಣೆಯಲ್ಲಿಯೇ ಈ ವ್ಯವಸ್ಥೆ ಕಾಣುತ್ತದೆ. ಕ-ವರ್ಗದಿಂದ ಪ-ವರ್ಗದವರೆಗಿನ 25 ವರ್ಗೀಯ ವ್ಯಂಜನಗಳಲ್ಲಿ ಪ್ರತಿ ಸಾಲಿನ ಐದನೆಯ ಅಕ್ಷರ, ಅಂದರೆ ಙ, ಞ, ಣ, ನ, ಮ, ಅನುನಾಸಿಕ. ಇವುಗಳನ್ನೂ ಅನುಸ್ವಾರವನ್ನೂ ಉಚ್ಚರಿಸುವಾಗ ಮೃದು ಅಂಗುಳ ಕೆಳಗಿಳಿದು ಮೂಗಿನ ದಾರಿ ತೆರೆಯುತ್ತದೆ. ಉಳಿದ ವ್ಯಂಜನಗಳಿಗೂ ಸ್ವರಗಳಿಗೂ ಅದು ಮುಚ್ಚಿರಬೇಕು. ಮುಚ್ಚದೆ ಉಳಿದರೆ 'ಬ'ಕಾರವು 'ಮ'ಕಾರದತ್ತ, 'ದ'ಕಾರವು 'ನ'ಕಾರದತ್ತ, 'ಡ'ಕಾರವು 'ಣ'ಕಾರದತ್ತ ಜಾರುತ್ತದೆ. ಪ್ರತಿ ಸಾಲಿನ ಮೂರನೆಯ ಅಕ್ಷರ ಅದೇ ಸಾಲಿನ ಐದನೆಯದರಂತೆ ಕೇಳಿಸುತ್ತದೆ.

ಕೆರೆಯ ತೂಬಿನ ಬಾಗಿಲು ಸರಿಯಾಗಿ ಕೂರದಿದ್ದರೆ ನೀರು ಬೇಡದ ಕಡೆ ಸೋರಿಹೋಗಿ, ಬೇಕಾದ ಕಾಲುವೆಯಲ್ಲಿ ಹರಿವು ಕುಗ್ಗುತ್ತದೆ. ಇಲ್ಲಿಯೂ ಹಾಗೆಯೇ. ಮೂಗಿನತ್ತ ಗಾಳಿ ಸೋರುವುದರಿಂದ ಸ್ವರಗಳಿಗೆ ಮೂಗಿನ ಧ್ವನಿ ಬೆರೆಯುತ್ತದೆ. ಬಾಯಿಯಲ್ಲಿ ಒತ್ತಡ ಕಟ್ಟಿಕೊಳ್ಳದೆ ಪ, ತ, ಕ, ಚ, ಸ ಮೊದಲಾದ ವ್ಯಂಜನಗಳು ದುರ್ಬಲವಾಗುತ್ತವೆ. ಇದಕ್ಕೆ ದೊಡ್ಡ ರಂಧ್ರವೇನೂ ಬೇಕಿಲ್ಲ. ಮಾತಿನ ವೇಳೆ ಗಾಳಿಯ ಒತ್ತಡ ಮತ್ತು ಹರಿವನ್ನು ಅಳೆಯುವ ವಿಧಾನದಲ್ಲಿ ಸುಮಾರು 20 ಚದರ ಮಿಲಿಮೀಟರ್‌ಗಿಂತ ದೊಡ್ಡ ತೆರವು ಉಳಿದರೆ ಮುಚ್ಚುವಿಕೆ ಸಾಲದು ಎಂದು ಪರಿಗಣಿಸುವ ರೂಢಿಯಿದೆ. ಇದು ಸುಮಾರು 5 ಮಿಲಿಮೀಟರ್ ವ್ಯಾಸದ ರಂಧ್ರಕ್ಕೆ ಸಮ.

2. ಯಾರಲ್ಲಿ ಕಾಣಿಸಿಕೊಳ್ಳುತ್ತದೆ?

ಮೊದಲನೆಯದಾಗಿ, ಸೀಳು ಅಂಗುಳಕ್ಕೆ ಶಸ್ತ್ರಚಿಕಿತ್ಸೆ ಪಡೆದ ಕೆಲವು ಮಕ್ಕಳಲ್ಲಿ. ಸೀಳು ಕೂಡಿಕೊಂಡಿದ್ದರೂ ಮೃದು ಅಂಗುಳ ಗಿಡ್ಡವಾಗಿರಬಹುದು, ಅಥವಾ ಅದರ ಸ್ನಾಯುಗಳು ಸಾಕಷ್ಟು ಮೇಲೇಳದಿರಬಹುದು. ಮೊದಲ ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ನಡೆದಿದ್ದರೂ ಹೀಗಾಗುವುದುಂಟು. ಆದುದರಿಂದ ಇದನ್ನು ವೈದ್ಯರ ಲೋಪವೆಂದೋ ಪೋಷಕರ ನಿರ್ಲಕ್ಷ್ಯವೆಂದೋ ಭಾವಿಸಬಾರದು.

ಎರಡನೆಯದಾಗಿ, ಹೊರನೋಟಕ್ಕೆ ಸೀಳು ಕಾಣದ ಮಕ್ಕಳಲ್ಲಿ. ಅಂಗುಳದ ಮೇಲ್ಪದರ ಕೂಡಿಕೊಂಡಿದ್ದು ಒಳಗಿನ ಸ್ನಾಯು ಮಾತ್ರ ಸೀಳಿರುವ ಸ್ಥಿತಿ ಇದೆ. ಕಿರುನಾಲಿಗೆ ಎರಡಾಗಿ ಕವಲೊಡೆದಿರುವುದು ಇದರ ಒಂದು ಸುಳಿವು. ಇಂತಹ ಮಗುವಿನ ಮೂಗಿನ ಹಿಂಭಾಗದಲ್ಲಿರುವ ಅಡಿನಾಯ್ಡ್ ಗ್ರಂಥಿಯನ್ನು ತೆಗೆದರೆ, ಅದುವರೆಗೆ ಸರಿಯಾಗಿದ್ದ ಮಾತು ಮೂಗಿನ ಧ್ವನಿಗೆ ತಿರುಗಬಹುದು. ಏಕೆಂದರೆ ಮಕ್ಕಳಲ್ಲಿ ಆ ಗ್ರಂಥಿಯ ಉಬ್ಬೇ ಮುಚ್ಚುವಿಕೆಗೆ ಆಸರೆಯಾಗಿರುತ್ತದೆ. ಆದುದರಿಂದ ಅಡಿನಾಯ್ಡ್ ಶಸ್ತ್ರಚಿಕಿತ್ಸೆಗೆ ಮುನ್ನ ಅಂಗುಳವನ್ನು ಪರೀಕ್ಷಿಸಲು ಪೋಷಕರು ಕೋರುವುದು ಒಳಿತು.

ಮೂರನೆಯದಾಗಿ, ನರಸಂಬಂಧಿ ಕಾಯಿಲೆಗಳಲ್ಲಿ ಹಾಗೂ 22ನೆಯ ವರ್ಣತಂತುವಿನ ಒಂದು ಸಣ್ಣ ಭಾಗ ಇಲ್ಲದಿರುವ ಜನ್ಮಜಾತ ಸ್ಥಿತಿಯಲ್ಲಿ. ಈ ಎರಡನೆಯ ಸ್ಥಿತಿಯಲ್ಲಿ ಹೃದಯದ ತೊಂದರೆಯೂ ಇರಬಹುದಾದ್ದರಿಂದ, ಮಗುವಿಗೆ ಹೃದಯದ ಚಿಕಿತ್ಸೆ ನಡೆದಿದ್ದರೆ ಆ ದಾಖಲೆಗಳನ್ನು ವೈದ್ಯರಿಗೆ ತಪ್ಪದೆ ತೋರಿಸಬೇಕು.

ಗ್ರಹಣ ಕಾಲದಲ್ಲಿ ಗರ್ಭಿಣಿಯು ಹೊರಬಂದುದರಿಂದ ಅಥವಾ ಏನನ್ನೋ ಕತ್ತರಿಸಿದುದರಿಂದ ಮಗುವಿಗೆ ಸೀಳು ಬಂದಿತೆಂಬ ನಂಬಿಕೆಗೆ ಆಧಾರವಿಲ್ಲ. ಈ ಮಾತಿನಿಂದ ತಾಯಿಯ ಮೇಲೆ ಅಪವಾದ ಹೊರಿಸಿದಂತಾಗುತ್ತದೆ. ಅದಕ್ಕೆ ಅಂಜಿ ಮಗುವನ್ನು ಮನೆಯೊಳಗೇ ಇರಿಸಿಕೊಳ್ಳುವ ಕುಟುಂಬಗಳಿಗೆ ಸದಸ್ಯರ ಒಂದು ಮಾತು ಧೈರ್ಯ ನೀಡಬಲ್ಲದು.

3. ಶಸ್ತ್ರಚಿಕಿತ್ಸೆಯಲ್ಲಿ ಏನು ಮಾಡುತ್ತಾರೆ?

ಮೊದಲ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಮಗುವಿಗೆ ಒಂದು ವರ್ಷದ ಆಸುಪಾಸಿನಲ್ಲಿ, ಮಾತು ಮೂಡುವ ಹೊತ್ತಿಗೆ, ನಡೆಯುತ್ತದೆ. ಅನಂತರವೂ ಮೂಗಿನ ಧ್ವನಿ ಉಳಿದರೆ, ತೆರವು ಎಷ್ಟು ದೊಡ್ಡದು, ಯಾವ ಆಕಾರದ್ದು, ಸ್ನಾಯುಗಳ ಚಲನೆ ಎಷ್ಟು ಎಂಬುದನ್ನು ನೋಡಿ ವೈದ್ಯರು ಮುಂದಿನ ವಿಧಾನವನ್ನು ನಿರ್ಧರಿಸುತ್ತಾರೆ.

ತೆರವು ಚಿಕ್ಕದಾಗಿದ್ದರೆ ಮೃದು ಅಂಗುಳವನ್ನು ಮತ್ತೆ ಬಿಡಿಸಿ, ಸ್ನಾಯುಗಳನ್ನು ಸರಿಯಾದ ದಿಕ್ಕಿಗೆ ಜೋಡಿಸಿ, ಅದರ ಉದ್ದವನ್ನು ಹೆಚ್ಚಿಸಲಾಗುತ್ತದೆ. ಗಂಟಲಿನ ಹಿಂಗೋಡೆಯಿಂದ ಅಂಗಾಂಶದ ಒಂದು ಪಟ್ಟಿಯನ್ನು ಎತ್ತಿ ಮೃದು ಅಂಗುಳಕ್ಕೆ ಸೇರಿಸುವುದು ಮತ್ತೊಂದು ವಿಧಾನ. ಪಟ್ಟಿಯ ಎರಡೂ ಬದಿಗಳಲ್ಲಿ ಉಸಿರಾಟಕ್ಕಾಗಿ ದಾರಿ ಬಿಡುತ್ತಾರೆ. ಗಂಟಲಿನ ಎರಡು ಪಕ್ಕಗಳಿಂದ ಅಂಗಾಂಶವನ್ನು ತಿರುಗಿಸಿ ಹಿಂಗೋಡೆಯಲ್ಲಿ ಜೋಡಿಸಿ ದ್ವಾರವನ್ನು ಕಿರಿದಾಗಿಸುವುದು ಮೂರನೆಯ ವಿಧಾನ. ಎಲ್ಲ ಮಕ್ಕಳಿಗೂ ಒಪ್ಪುವ ಒಂದೇ ವಿಧಾನವಿಲ್ಲ. ಪಕ್ಕದೂರಿನ ಮಗುವಿಗೆ ಮಾಡಿದ್ದನ್ನೇ ನಮ್ಮ ಮಗುವಿಗೂ ಮಾಡಬೇಕೆಂದು ಪೋಷಕರು ಪಟ್ಟು ಹಿಡಿಯುವುದರಿಂದ ಪ್ರಯೋಜನವಿಲ್ಲ.

ದ್ವಾರವನ್ನು ಕಿರಿದಾಗಿಸುವುದರಿಂದ ಕೆಲವು ತೊಂದರೆಗಳೂ ಉಂಟು. ಆರಂಭದ ವಾರಗಳಲ್ಲಿ ಊತದಿಂದಾಗಿ ಗೊರಕೆ, ಬಾಯಿಂದ ಉಸಿರಾಟ, ನೆಗಡಿಯಾದಂತಹ ಧ್ವನಿ ಕಾಣಿಸಿಕೊಳ್ಳುವುದು ಸಾಮಾನ್ಯ. ಬಹುತೇಕ ತಾನಾಗಿ ತಗ್ಗುತ್ತದೆ. ಆದರೆ ನಿದ್ರೆಯಲ್ಲಿ ಉಸಿರು ನಿಂತು ನಿಂತು ಬರುವುದು, ಮಗು ಏದುಸಿರಿನೊಂದಿಗೆ ಎಚ್ಚರಗೊಳ್ಳುವುದು, ಬಾಯಿಯಿಂದ ರಕ್ತ ಬರುವುದು ಕಂಡಲ್ಲಿ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಆಶಾ ಕಾರ್ಯಕರ್ತೆಯರಿಗೆ ಈ ಮಾಹಿತಿ ಇರುವುದು ಅವಶ್ಯ.

4. ಫಲಿತಾಂಶವನ್ನು ಅಳೆಯುವುದು ಹೇಗೆ, ಯಾವಾಗ?

ಕಾಮಗಾರಿಯೊಂದರ ಭೌತಿಕ ಪ್ರಗತಿ ಬೇರೆ, ಅದರ ಉಪಯೋಗ ಬೇರೆ ಎಂಬುದು ಸದಸ್ಯರಿಗೆ ತಿಳಿದ ವಿಷಯ. ನಲ್ಲಿ ಜೋಡಿಸಿದ ದಿನವೇ ಮನೆಗೆ ನೀರು ಬಂದಿತೆಂದು ಯಾರೂ ಒಪ್ಪುವುದಿಲ್ಲ. ನೀರು ಹರಿದುದನ್ನು ನೋಡಿಯೇ ಒಪ್ಪುತ್ತಾರೆ. ಇಲ್ಲಿಯೂ ಮಗುವಿನ ಮಾತನ್ನು ಕೇಳಿಯೇ ಫಲಿತಾಂಶವನ್ನು ನಿರ್ಧರಿಸಬೇಕು.

ತರಬೇತಿ ಪಡೆದ ವಾಕ್ ತಜ್ಞರ ಕಿವಿಯೇ ಇದಕ್ಕೆ ಪ್ರಧಾನ ಸಾಧನ. ಧ್ವನಿಯಲ್ಲಿ ಮೂಗಿನ ಪ್ರಮಾಣ ಎಷ್ಟು, ಮೂಗಿನಿಂದ ಗಾಳಿ ಸೋರುವ ಸದ್ದು ಕೇಳಿಸುತ್ತದೆಯೇ, ಯಾವ ವ್ಯಂಜನಗಳು ತಪ್ಪುತ್ತಿವೆ, ಅಪರಿಚಿತರಿಗೆ ಮಾತು ಎಷ್ಟು ಅರ್ಥವಾಗುತ್ತದೆ ಎಂಬುದನ್ನು ಅವರು ಪ್ರತ್ಯೇಕವಾಗಿ ದಾಖಲಿಸುತ್ತಾರೆ. ಇದರೊಂದಿಗೆ, ಮೂಗು ಮತ್ತು ಬಾಯಿಯಿಂದ ಬರುವ ಧ್ವನಿಯನ್ನು ಬೇರೆ ಬೇರೆ ಮೈಕ್‌ಗಳಲ್ಲಿ ಗ್ರಹಿಸಿ ಶೇಕಡಾವಾರು ತೋರಿಸುವ ನೇಸೋಮೀಟರ್ ಎಂಬ ಉಪಕರಣವೂ ಇದೆ. ಈ ಪ್ರಮಾಣ ಭಾಷೆಯಿಂದ ಭಾಷೆಗೆ ವ್ಯತ್ಯಾಸವಾಗುವುದರಿಂದ ಕನ್ನಡ ಮಾತನಾಡುವ ಮಗುವನ್ನು ಕನ್ನಡ ವಾಕ್ಯಗಳಿಂದಲೇ ಪರೀಕ್ಷಿಸಬೇಕು. ಮೂಗಿನ ಮೂಲಕ ಸಣ್ಣ ಕ್ಯಾಮೆರಾ ಇಳಿಸಿ, ಅಥವಾ ಚಲಿಸುವ ಎಕ್ಸ್-ರೇ ಚಿತ್ರದ ಮೂಲಕ, ಮುಚ್ಚುವಿಕೆಯನ್ನು ಕಣ್ಣಾರೆ ನೋಡಲೂ ಸಾಧ್ಯ.

ಕಾಲಾವಕಾಶದ ಮಹತ್ವವನ್ನು 2005ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನ ಚೆನ್ನಾಗಿ ತೋರಿಸುತ್ತದೆ. ಸೀಳು ಅಂಗುಳಕ್ಕೆ ಚಿಕಿತ್ಸೆಯಾದ ನಂತರವೂ ಮೂಗಿನ ಧ್ವನಿ ಉಳಿದಿದ್ದ 97 ಮಂದಿಯಲ್ಲಿ ಮೇಲೆ ಹೇಳಿದ ಎರಡನೆಯ ಮತ್ತು ಮೂರನೆಯ ವಿಧಾನಗಳನ್ನು ಹೋಲಿಸಲಾಯಿತು. ಮೂರು ತಿಂಗಳ ಹೊತ್ತಿಗೆ ಹಿಂಗೋಡೆಯ ಪಟ್ಟಿಯ ವಿಧಾನವೇ ಸ್ಪಷ್ಟವಾಗಿ ಮುಂದಿತ್ತು. ಹನ್ನೆರಡು ತಿಂಗಳ ಹೊತ್ತಿಗೆ ಎರಡರ ನಡುವೆ ಗಣನೀಯ ವ್ಯತ್ಯಾಸ ಉಳಿಯಲಿಲ್ಲ. ಮೂರು ತಿಂಗಳಿಗೇ ಅಂತಿಮ ತೀರ್ಪು ನೀಡಬಾರದೆಂಬುದು ಇದರಿಂದ ತಿಳಿಯುತ್ತದೆ. ಶಸ್ತ್ರಚಿಕಿತ್ಸೆಯ ಮೂರು ತಿಂಗಳ ನಂತರ ಒಮ್ಮೆ, ಒಂದು ವರ್ಷದ ನಂತರ ಮತ್ತೊಮ್ಮೆಯಾದರೂ ಮಾತಿನ ಮೌಲ್ಯಮಾಪನ ನಡೆಯುವುದು ಅವಶ್ಯ.

ಮೊದಲ ಶಸ್ತ್ರಚಿಕಿತ್ಸೆಯ ವಯಸ್ಸಿನ ಬಗ್ಗೆ ಮತ್ತೊಂದು ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಯುರೋಪ್ ಮತ್ತು ದಕ್ಷಿಣ ಅಮೆರಿಕದ 23 ಕೇಂದ್ರಗಳಲ್ಲಿ, ಅಂಗುಳದ ಸೀಳು ಮಾತ್ರವಿದ್ದ, ಬೇರೆ ಆರೋಗ್ಯ ಸಮಸ್ಯೆಗಳಿಲ್ಲದ ಶಿಶುಗಳನ್ನು ಎರಡು ಗುಂಪು ಮಾಡಿ ಆರು ತಿಂಗಳಿಗೆ ಹಾಗೂ ಹನ್ನೆರಡು ತಿಂಗಳಿಗೆ ಶಸ್ತ್ರಚಿಕಿತ್ಸೆ ಮಾಡಲಾಯಿತು. ಐದು ವರ್ಷ ವಯಸ್ಸಿನಲ್ಲಿ ಮುಚ್ಚುವಿಕೆ ಸಾಲದೆ ಉಳಿದವರ ಪ್ರಮಾಣ ಆರು ತಿಂಗಳ ಗುಂಪಿನಲ್ಲಿ ಶೇ. 8.9, ಹನ್ನೆರಡು ತಿಂಗಳ ಗುಂಪಿನಲ್ಲಿ ಶೇ. 15.0. ಎಷ್ಟು ತಿಂಗಳಿಗೆ ಶಸ್ತ್ರಚಿಕಿತ್ಸೆ ಮಾಡಬೇಕೆಂಬುದು ಮಗುವಿನ ತೂಕ, ರಕ್ತದ ಪ್ರಮಾಣ, ಅರಿವಳಿಕೆಯ ಸೌಲಭ್ಯಗಳನ್ನು ಅವಲಂಬಿಸಿ ವೈದ್ಯರು ನಿರ್ಧರಿಸತಕ್ಕ ವಿಷಯ. ನಾವು ಇದರಿಂದ ಗ್ರಹಿಸಬೇಕಾದುದು ಎರಡು. ವಿನಾಕಾರಣ ತಡಮಾಡುವುದರಿಂದ ಮಾತಿಗೆ ನಷ್ಟವಿದೆ. ಸುಸಜ್ಜಿತ ಕೇಂದ್ರಗಳಲ್ಲಿಯೂ ಏಳರಿಂದ ಹನ್ನೊಂದು ಮಕ್ಕಳಲ್ಲಿ ಒಬ್ಬರಿಗೆ ಮುಂದಿನ ಚಿಕಿತ್ಸೆ ಬೇಕಾಗಬಹುದಾದ್ದರಿಂದ, ಅಂಗುಳದ ಶಸ್ತ್ರಚಿಕಿತ್ಸೆ ಪಡೆದ ಪ್ರತಿ ಮಗುವಿನ ಮಾತನ್ನೂ ಶಾಲೆಗೆ ಸೇರುವ ವಯಸ್ಸಿನಲ್ಲಿ ಮತ್ತೆ ಪರೀಕ್ಷಿಸಬೇಕು.

5. ಶಸ್ತ್ರಚಿಕಿತ್ಸೆ ಸರಿಪಡಿಸದ ಭಾಗ

ಏಳು ವರ್ಷದ ಬಾಲಕಿಯೊಬ್ಬಳನ್ನು ಊಹಿಸಿಕೊಳ್ಳೋಣ. ಬಾಯಿಯಲ್ಲಿ ಒತ್ತಡ ಕಟ್ಟಿಕೊಳ್ಳದ ಕಾರಣ ಅವಳು ಚಿಕ್ಕಂದಿನಲ್ಲಿಯೇ ಬೇರೊಂದು ದಾರಿ ಕಂಡುಕೊಂಡಿದ್ದಾಳೆ: ತುಟಿಯಲ್ಲಿ ನುಡಿಯಬೇಕಾದ 'ಪ'ವನ್ನೂ ನಾಲಿಗೆಯಲ್ಲಿ ನುಡಿಯಬೇಕಾದ 'ಟ'ವನ್ನೂ ಗಂಟಲಿನಲ್ಲಿ ಗಾಳಿಯನ್ನು ಹಿಡಿದು ಬಿಡುವ ಮೂಲಕ ನುಡಿಯುತ್ತಾಳೆ. 'ಪಾಟಿ' ಎಂಬ ಪದ 'ಆ-ಇ' ಎಂದು ಕೇಳಿಸುತ್ತದೆ. ಈಗ ಎರಡನೆಯ ಶಸ್ತ್ರಚಿಕಿತ್ಸೆಯಿಂದ ದ್ವಾರ ಸರಿಯಾಗಿ ಮುಚ್ಚುತ್ತಿದೆ. ಸ್ವರಗಳಲ್ಲಿದ್ದ ಮೂಗಿನ ಧ್ವನಿ ಹೋಗಿದೆ. ಆದರೆ 'ಪಾಟಿ' ಮಾತ್ರ ಇನ್ನೂ 'ಆ-ಇ' ಆಗಿಯೇ ಇದೆ. ಶಸ್ತ್ರಚಿಕಿತ್ಸೆ ವಿಫಲವಾಯಿತೆಂದು ತಾಯಿ ಕೈಚೆಲ್ಲುವ ಗಳಿಗೆ ಇದು.

ವಾಸ್ತವದಲ್ಲಿ ಅದು ವಿಫಲವಾಗಿಲ್ಲ. ವರ್ಷಗಟ್ಟಲೆ ರೂಢಿಯಾದ ಉಚ್ಚಾರಣೆಯನ್ನು ಯಾವ ಶಸ್ತ್ರವೂ ಬದಲಿಸಲಾರದು. ಅದನ್ನು ಹೊಸದಾಗಿ ಕಲಿಸಬೇಕು. ವಾಕ್ ತಜ್ಞರು ಮೊದಲು 'ಪ' ಅಕ್ಷರವನ್ನು ತುಟಿಯಲ್ಲಿ ನುಡಿಯುವುದನ್ನು, ಆ ಗಾಳಿ ಅಂಗೈಗೆ ತಾಗುವುದನ್ನು ತೋರಿಸುತ್ತಾರೆ. ಆಮೇಲೆ 'ಪಾ', ಅನಂತರ ಪದ, ವಾಕ್ಯ, ಕೊನೆಗೆ ದಿನನಿತ್ಯದ ಮಾತು. ಈ ಕ್ರಮಕ್ಕೆ ತಿಂಗಳುಗಳೇ ಬೇಕಾಗಬಹುದು. ಕೇಂದ್ರದಲ್ಲಿ ಕಲಿತದ್ದನ್ನು ಮನೆಯಲ್ಲಿ ಪ್ರತಿದಿನ ಸ್ವಲ್ಪ ಹೊತ್ತು ಅಭ್ಯಾಸ ಮಾಡಿಸಿದರೆ ಮಾತ್ರ ಅದು ನಿಲ್ಲುತ್ತದೆ.

ಇದಕ್ಕೆ ಪ್ರತಿಯಾದ ಸಂದರ್ಭವೂ ಇದೆ. ಅಂಗುಳ ಚೆನ್ನಾಗಿ ಮುಚ್ಚುತ್ತಿದ್ದರೂ 'ಸ', 'ಶ' ಅಕ್ಷರಗಳನ್ನು ನುಡಿಯುವಾಗ ಮಾತ್ರ ಗಾಳಿಯನ್ನು ಮೂಗಿನಿಂದ ಬಿಡುವ ಅಭ್ಯಾಸ ಕೆಲವು ಮಕ್ಕಳಿಗಿರುತ್ತದೆ. ಇವರಿಗೆ ಶಸ್ತ್ರಚಿಕಿತ್ಸೆ ಬೇಕಿಲ್ಲ. ವಾಕ್ ಚಿಕಿತ್ಸೆಯೇ ಸಾಕು. ಆದುದರಿಂದ ಶಸ್ತ್ರಚಿಕಿತ್ಸೆಯ ನಿರ್ಧಾರಕ್ಕೆ ಮುನ್ನ ವಾಕ್ ತಜ್ಞರ ಪರೀಕ್ಷೆ ಕಡ್ಡಾಯವೆಂದು ತಿಳಿಯಬೇಕು.

ಬಲೂನು ಊದಿಸುವುದು, ಪೀಪಿ ಅಥವಾ ಕೊಳಲು ಊದಿಸುವುದು, ದೀಪ ಆರಿಸುವುದು, ಇವುಗಳಿಂದ ಮೂಗಿನ ಧ್ವನಿ ಹೋಗುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಊದುವಾಗಿನ ಮುಚ್ಚುವಿಕೆಯೂ ಮಾತಿನ ವೇಳೆಯ ಮುಚ್ಚುವಿಕೆಯೂ ಬೇರೆ ಬೇರೆ ಚಲನೆಗಳಾದ್ದರಿಂದ ಇಂತಹ ವ್ಯಾಯಾಮಗಳಿಂದ ಮಾತು ಸುಧಾರಿಸುವುದಿಲ್ಲ. ಆಟವಾಗಿ ಊದಿದರೆ ಹಾನಿಯಿಲ್ಲ. ಅದನ್ನೇ ಚಿಕಿತ್ಸೆಯೆಂದು ನಂಬಿ ವರ್ಷಗಳನ್ನು ಕಳೆದರೆ ಹಾನಿಯಿದೆ.

ಸೀಳು ಅಂಗುಳವಿರುವ ಮಕ್ಕಳಲ್ಲಿ ಮಧ್ಯಕಿವಿಯಲ್ಲಿ ದ್ರವ ಶೇಖರಣೆಯಾಗಿ ಕೇಳುವ ಶಕ್ತಿ ಕುಗ್ಗುವುದೂ ಸಾಮಾನ್ಯ. ಸರಿಯಾಗಿ ಕೇಳಿಸದ ಮಗು ಸರಿಯಾಗಿ ನುಡಿಯಲಾರದು. ಮಾತಿನ ಪರೀಕ್ಷೆಯೊಂದಿಗೆ ಶ್ರವಣ ಪರೀಕ್ಷೆಯೂ ನಡೆಯಬೇಕು.

ತಡವಾಗಿ, ಹದಿಹರೆಯದಲ್ಲಿ ಅಥವಾ ಪ್ರೌಢ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆ ಪಡೆಯುವವರಿಗೆ ಆಹಾರ ಮೂಗಿಗೇರುವುದು ನಿಲ್ಲುವಂತಹ ಪ್ರಯೋಜನ ಖಂಡಿತ ಇದೆ. ಆದರೆ ರೂಢಿ ಬಲಿತಿರುವುದರಿಂದ ಮಾತಿನ ಸುಧಾರಣೆ ಕಷ್ಟಸಾಧ್ಯ ಹಾಗೂ ದೀರ್ಘಕಾಲದ ವಾಕ್ ಚಿಕಿತ್ಸೆ ಅಗತ್ಯ. ಇದನ್ನು ಮೊದಲೇ ತಿಳಿಸಿದರೆ ಅವರು ನಿರಾಶರಾಗಿ ನಡುವೆಯೇ ಬಿಡುವುದು ತಪ್ಪುತ್ತದೆ.

6. ಲಭ್ಯವಿರುವ ವ್ಯವಸ್ಥೆ

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವ್ಯಾಪ್ತಿಗೆ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳು ಬರುತ್ತಾರೆ. ಸೀಳುತುಟಿ ಮತ್ತು ಸೀಳು ಅಂಗುಳ ಈ ಕಾರ್ಯಕ್ರಮದ ಜನ್ಮಜಾತ ದೋಷಗಳ ಪಟ್ಟಿಯಲ್ಲಿವೆ. ಸಂಚಾರಿ ತಂಡವು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಬಾರಿ ಭೇಟಿ ನೀಡಬೇಕಾಗಿರುತ್ತದೆ. ಪತ್ತೆಯಾದ ಮಕ್ಕಳನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಲಾಗುತ್ತದೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾದ, ಕೇಂದ್ರ ಆರೋಗ್ಯ ಸಚಿವಾಲಯದ ಅಧೀನದ ಸ್ವಾಯತ್ತ ಸಂಸ್ಥೆ. ಅಂಗುಳ ಮತ್ತು ಮುಖದ ರಚನೆಯ ದೋಷಗಳಿಂದಾಗುವ ಮಾತಿನ ತೊಂದರೆಗಳಿಗೆ ಅಲ್ಲಿ ಪ್ರತ್ಯೇಕ ಘಟಕವಿದೆ. ದೂರದ ಊರಿನವರಿಗೆ ವಿಡಿಯೋ ಮೂಲಕ ವಾಕ್ ಚಿಕಿತ್ಸೆ ನೀಡುವ ವ್ಯವಸ್ಥೆಯೂ ಇದೆ. ಪ್ರತಿ ವಾರ ಪ್ರಯಾಣಿಸಿದರೆ ದಿನಗೂಲಿ ಕಳೆದುಕೊಳ್ಳುವ ಕುಟುಂಬಗಳಿಗೆ ಇದು ಬಹಳ ಅನುಕೂಲ.

2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಗುರುತಿಸಿರುವ 21 ವೈಕಲ್ಯಗಳಲ್ಲಿ ವಾಕ್ ಮತ್ತು ಭಾಷಾ ವೈಕಲ್ಯವೂ ಒಂದು. ಅರ್ಹತೆಯನ್ನು ವೈದ್ಯಕೀಯ ಪ್ರಾಧಿಕಾರ ನಿರ್ಧರಿಸುತ್ತದೆ. ಪ್ರಮಾಣಪತ್ರ ಮಾಡಿಸಿಕೊಡುವುದು ಒಂದು ನೆರವೇ ಸರಿ. ಆದರೆ ಸುಧಾರಿಸಬಹುದಾದ ಮಾತಿಗೆ ಚಿಕಿತ್ಸೆ ಕೊಡಿಸುವ ಪ್ರಯತ್ನವನ್ನು ಅದರೊಂದಿಗೇ ಮುಗಿಸಬಾರದು.

7. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕೈಗೊಳ್ಳಬಹುದಾದ ಕ್ರಮಗಳು

(ಅ) ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಸೀಳುತುಟಿ ಅಥವಾ ಸೀಳು ಅಂಗುಳಕ್ಕೆ ಚಿಕಿತ್ಸೆ ಪಡೆದ 18 ವರ್ಷದೊಳಗಿನ ಎಲ್ಲರ ಪಟ್ಟಿಯನ್ನು ಆಶಾ, ಅಂಗನವಾಡಿ ಮತ್ತು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಮೂಲಕ ಸಿದ್ಧಪಡಿಸುವುದು. ಚಿಕಿತ್ಸೆ ಮುಗಿದವರ ಹೆಸರನ್ನು ಪಟ್ಟಿಯಿಂದ ಕೈಬಿಡದಿರುವುದು.

(ಆ) ಮೂರು ವರ್ಷ ಮೀರಿದ ಮಗುವಿನ ಮಾತಿನಲ್ಲಿ ಮೂಗಿನ ಧ್ವನಿ ಇದೆಯೇ ಎಂಬುದನ್ನು ಅಂಗನವಾಡಿ ಕಾರ್ಯಕರ್ತೆಯು ಸರಳವಾಗಿ ಗಮನಿಸಬಹುದು. ಅನುನಾಸಿಕಗಳಿಲ್ಲದ ವಾಕ್ಯವನ್ನು, ಉದಾಹರಣೆಗೆ 'ಕಾಗೆ ಕಾಳು ಹೆಕ್ಕಿತು', 'ಅಪ್ಪ ಪಪ್ಪಾಯಿ ತಾ' ಎಂದು, ಮಗುವಿನಿಂದ ಹೇಳಿಸಿ, ಮತ್ತೊಮ್ಮೆ ಮೂಗಿನ ಹೊಳ್ಳೆಗಳನ್ನು ಮೃದುವಾಗಿ ಒತ್ತಿ ಹೇಳಿಸಬೇಕು. ಎರಡು ಬಾರಿಯೂ ಧ್ವನಿ ಒಂದೇ ರೀತಿ ಇರಬೇಕು. ವ್ಯತ್ಯಾಸ ಕಂಡರೆ, ಅಥವಾ ಮೂಗಿನ ಕೆಳಗೆ ಹಿಡಿದ ಚಿಕ್ಕ ಕನ್ನಡಿ ವಾಕ್ಯದ ನಡುವೆ ಮಂಜಾದರೆ, ತಜ್ಞರಲ್ಲಿಗೆ ಕಳುಹಿಸಬೇಕು. ಇದು ರೋಗನಿರ್ಣಯವಲ್ಲ, ಕಳುಹಿಸಬೇಕೇ ಬೇಡವೇ ಎಂಬುದಕ್ಕೆ ಸೂಚನೆ ಮಾತ್ರ. ಈ ಪರೀಕ್ಷೆಯನ್ನು ಇತರರ ಮುಂದೆ ನಡೆಸಕೂಡದು.

(ಇ) ಗ್ರಾಮ ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ವಿಕಲಚೇತನರ ಕಲ್ಯಾಣಕ್ಕಾಗಿ ಮೀಸಲಿಡುವ ಶೇ. 5ರ ಮೊತ್ತದಿಂದ ಮಾರ್ಗಸೂಚಿಗಳಿಗೆ ಒಳಪಟ್ಟು ಅರ್ಹ ಮಕ್ಕಳ ಚಿಕಿತ್ಸಾ ಪ್ರಯಾಣಕ್ಕೆ ನೆರವು ನೀಡುವ ಪ್ರಸ್ತಾವವನ್ನು ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯಲ್ಲಿ ಚರ್ಚಿಸುವುದು.

(ಈ) ವಿಡಿಯೋ ಮೂಲಕ ವಾಕ್ ಚಿಕಿತ್ಸೆ ಪಡೆಯುವ ಮಗುವಿಗೆ ಮನೆಯಲ್ಲಿ ಇಂಟರ್‌ನೆಟ್ ಇಲ್ಲದಿದ್ದಲ್ಲಿ, ಪಂಚಾಯಿತಿ ಕಚೇರಿ ಅಥವಾ ಗ್ರಂಥಾಲಯದಲ್ಲಿ ನಿಗದಿತ ಸಮಯಕ್ಕೆ ಸದ್ದಿಲ್ಲದ ಒಂದು ಕೋಣೆಯನ್ನು ಒದಗಿಸುವುದು.

(ಉ) ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಶಿಕ್ಷಕರೊಂದಿಗೆ ಚರ್ಚಿಸಿ, ಇಂತಹ ಮಗುವಿಗೆ ಉತ್ತರಿಸಲು ಹೆಚ್ಚು ಸಮಯ ನೀಡುವಂತೆಯೂ, ಅಣಕಿಸುವುದನ್ನು ತಡೆಯುವಂತೆಯೂ ಕೋರುವುದು. ಮಾತು ಅಸ್ಪಷ್ಟವಾಗಿರುವುದು ಬುದ್ಧಿ ಕಡಿಮೆ ಇರುವುದರ ಗುರುತಲ್ಲ.

(ಊ) ಪಟ್ಟಿಯಲ್ಲಿ ಶಸ್ತ್ರಚಿಕಿತ್ಸೆಯ ದಿನಾಂಕದ ಪಕ್ಕದಲ್ಲಿ ನಾಲ್ಕು ಅಂಕಣಗಳನ್ನು ಸೇರಿಸುವುದು: ಮೂರು ತಿಂಗಳ ಮಾತಿನ ಪರೀಕ್ಷೆ, ಒಂದು ವರ್ಷದ ಮಾತಿನ ಪರೀಕ್ಷೆ, ಶ್ರವಣ ಪರೀಕ್ಷೆ, ಶಾಲೆಗೆ ಸೇರುವ ವಯಸ್ಸಿನ ಮಾತಿನ ಪರೀಕ್ಷೆ. ಈ ನಾಲ್ಕೂ ಭರ್ತಿಯಾದ ಮೇಲೆ, ಮಗುವಿನ ಮಾತು ಅಪರಿಚಿತರಿಗೂ ಅರ್ಥವಾಗುತ್ತಿದೆ ಎಂದು ವಾಕ್ ತಜ್ಞರು ಬರೆದುಕೊಟ್ಟ ನಂತರವೇ 'ಪೂರ್ಣಗೊಂಡಿದೆ' ಎಂದು ನಮೂದಿಸುವುದು.

ಒಂದು ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿ ಇಂತಹ ಮಕ್ಕಳ ಸಂಖ್ಯೆ ಬೆರಳೆಣಿಕೆಯಷ್ಟು ಮಾತ್ರ ಇರಬಹುದು. ಸಂಖ್ಯೆ ಕಡಿಮೆ ಇರುವುದರಿಂದಲೇ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ವಿಚಾರಿಸುವುದು ನಮಗೆ ಸಾಧ್ಯವಿದೆ. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ಮೇಲಿನ ಪಟ್ಟಿಯನ್ನು ಮಕ್ಕಳ ಗ್ರಾಮಸಭೆಗೆ ಮುನ್ನ ಸಿದ್ಧಪಡಿಸಿಕೊಳ್ಳಬೇಕೆಂದು ಮಾನ್ಯ ಸದಸ್ಯರಲ್ಲಿ ಕೋರಲಾಗಿದೆ.

— ಪಂಚಾಯಿತಿ ಅಭಿವೃದ್ಧಿ ಅಧಿಕಾರಿ